ಅಮ್ಮನ ಹೆಸರಿನಲ್ಲಿ ಬದುಕಿದವಳು: ಸಿಮೋನ್ ಸಿನ್ಯೊರೆ

1921ರ ಫೆಬ್ರವರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಆರು ವಾರ ಕಳೆದು, ಮಾರ್ಚ್ 25ಕ್ಕೆ ಇನ್ನೊಂದು. ಮೊದಲನೆಯವಳು ಕೊರಿನ್ ಲುಶೇರ್, ಎರಡನೆಯವಳು ಸಿಮೋನ್ ಕಮಿಂಕೆರ್. ಪ್ಯಾರಿಸ್ಸಿಗೆ ಅಂಟಿಕೊಂಡಿರುವ ನ್ಯೂಯಿ ಅನ್ನುವ ಉಳ್ಳವರ ಊರಿನಲ್ಲಿ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದರು. ಇಬ್ಬರೂ ಸಿನೆಮಾ ನಟಿಯರಾದರು. ಕೊರಿನ್ ಮೊದಲು ಗೆದ್ದಳು. 1938ರಲ್ಲಿ, ಹದಿನೇಳನೇ ವಯಸ್ಸಿಗೇ, ಸುಧಾರಣಾ ಶಾಲೆಯ ಹುಡುಗಿಯರ ಕಥೆಯೊಂದರಲ್ಲಿ ನಟಿಸಿ ಸ್ಟಾರ್ ಆದಳು. 1946ರಲ್ಲಿ ಫ್ರಾನ್ಸಿನ ನ್ಯಾಯಾಲಯ ಅವಳಿಗೆ ಹತ್ತು ವರ್ಷಗಳ 'ರಾಷ್ಟ್ರೀಯ ಅಗೌರವ'ದ ಶಿಕ್ಷೆ ಕೊಟ್ಟಿತು. ಅಂದರೆ ನಾಗರಿಕ ಹಕ್ಕುಗಳು ಖೋತಾ. 1950ರ ಜನವರಿಯಲ್ಲಿ ಕ್ಷಯದಿಂದ ಸತ್ತಾಗ ಅವಳಿಗೆ ಇಪ್ಪತ್ತೊಂಬತ್ತು ತುಂಬಿರಲಿಲ್ಲ.

ನಾನು ಬರೆಯಹೊರಟಿರುವುದು ಎರಡನೆಯವಳ ಬಗ್ಗೆ. ಆದರೆ ಮೊದಲನೆಯವಳನ್ನು ಬಿಟ್ಟು ಎರಡನೆಯವಳ ಕಥೆ ಹೇಳಲು ಬರುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸಿಮೋನ್ ಸಿನ್ಯೊರೆ ಹೆಸರು ಕೇಳಿದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಎರಡು ವಿಷಯ. ಒಂದು, ಆಸ್ಕರ್ ಗೆದ್ದ ಫ್ರೆಂಚ್ ನಟಿ. ಎರಡು, ಮರಿಲಿನ್ ಮನ್ರೋ ಜೊತೆ ಓಡಾಡಿದ ಈವ್ ಮೊಂತಾನನ ಹೆಂಡತಿ. ಎರಡನೆಯದನ್ನು ಓದಿ ಓದಿ ನನಗಂತೂ ರೋಸಿಹೋಗಿದೆ. ಈಕೆಯ ಬದುಕಿನಲ್ಲಿ ಅದಕ್ಕಿಂತ ನೂರು ಪಾಲು ಆಸಕ್ತಿಯ ಸಂಗತಿ ಇನ್ನೊಂದಿದೆ. ಅದು ಆಕೆಯ ಹೆಸರು.

ಸಿಮೋನ್ ಹುಟ್ಟಿದ್ದು ಫ್ರಾನ್ಸಿನಲ್ಲಲ್ಲ, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ಮೊದಲ ಮಹಾಯುದ್ಧ ಮುಗಿದು ರೈನ್ ಪ್ರಾಂತ್ಯದಲ್ಲಿ ಫ್ರೆಂಚ್ ಸೈನ್ಯ ಬೀಡುಬಿಟ್ಟಿದ್ದ ಕಾಲ. ಅಪ್ಪ ಆಂದ್ರೆ ಕಮಿಂಕೆರ್ ಆ ಸೈನ್ಯದ ಜೊತೆ ಅಲ್ಲಿದ್ದ. ಪೋಲೆಂಡ್ ಮೂಲದ ಯಹೂದಿ ಮನೆತನ. ಅಮ್ಮ ಜಾರ್ಜೆಟ್ ಸಿನ್ಯೊರೆ, ಕ್ಯಾಥೊಲಿಕ್ ಮನೆಯವಳು. ಸಿಮೋನ್ ನಂತರ ಇಬ್ಬರು ಗಂಡುಮಕ್ಕಳು.

ಈ ಅಪ್ಪನ ಬಗ್ಗೆಯೇ ಒಂದು ಬೇರೆ ಪೋಸ್ಟ್ ಬರೆಯಬಹುದು. ಒಬ್ಬರು ಮಾತಾಡುತ್ತಿರುವಾಗಲೇ ಇನ್ನೊಬ್ಬರು ಅದನ್ನು ಮತ್ತೊಂದು ಭಾಷೆಯಲ್ಲಿ ಹೇಳುತ್ತಾ ಹೋಗುವ ತತ್‌ಕ್ಷಣದ ಭಾಷಾಂತರ ಇದೆಯಲ್ಲ, ವಿಶ್ವಸಂಸ್ಥೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರಲ್ಲ, ಆ ಕಲೆಯ ಆದಿಪುರುಷರಲ್ಲಿ ಆಂದ್ರೆ ಕಮಿಂಕೆರ್ ಒಬ್ಬ. ಲೀಗ್ ಆಫ್ ನೇಷನ್ಸ್‌ನಲ್ಲಿ ಭಾಷಾಂತರಕಾರನಾಗಿದ್ದ. 1934ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಹಿಟ್ಲರ್ ಮಾಡಿದ ಭಾಷಣವನ್ನು ಫ್ರೆಂಚ್ ರೇಡಿಯೋಗೆ ನೇರವಾಗಿ ಅನುವಾದಿಸಿದವನು ಇವನೇ! ಹಿಟ್ಲರನ ಮಾತು ಫ್ರಾನ್ಸಿನ ಮನೆಮನೆಗೆ ತಲುಪಿದ್ದು ಒಬ್ಬ ಯಹೂದಿಯ ಬಾಯಿಂದ. ಆಗ ಸಿಮೋನ್‌ಗೆ ಹದಿಮೂರು ವರ್ಷ.

1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾಯಿತು. ಅಪ್ಪ ಲಂಡನ್ನಿಗೆ ಹೋಗಿ ಡಿಗಾಲ್‌ನ ಕಡೆ ಸೇರಿಕೊಂಡ. ಅಮ್ಮ, ಮೂವರು ಮಕ್ಕಳು ಬ್ರಿಟನಿಯ ವಾನ್ ಅನ್ನುವ ಊರಿನಲ್ಲಿ ಉಳಿದರು. ಅಲ್ಲಿ ಸಿಮೋನ್‌ಗೆ ಇತಿಹಾಸದ ಮೇಡಂ ಒಬ್ಬರಿದ್ದರು, ಲೂಸಿ ಸಾಮ್ಯುಯೆಲ್ ಅಂತ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಕೈಯಲ್ಲಿ ಕಾಸಿಲ್ಲದೆ ಮನೆಮಂದಿ ಪ್ಯಾರಿಸ್ಸಿಗೆ ಮರಳಿದರು. ಹತ್ತೊಂಬತ್ತರ ಸಿಮೋನ್ ಮೇಲೆ ನಾಲ್ಕು ಹೊಟ್ಟೆಗಳ ಭಾರ. ಅಲ್ಲಿ ಇಲ್ಲಿ ಪಾಠ ಹೇಳಿದಳು. ಸಾಲಲಿಲ್ಲ. ಆಗ ನೆರವಿಗೆ ಬಂದದ್ದು ಶಾಲೆಯ ಗೆಳತಿ ಕೊರಿನ್. ಕೊರಿನ್‌ಳ ಅಪ್ಪ ಜಾನ್ ಲುಶೇರ್ ಆಗಷ್ಟೇ 'ಲೆ ನೂವೋ ತಾಂ' (ಹೊಸ ಕಾಲ) ಅನ್ನುವ ದಿನಪತ್ರಿಕೆ ಶುರುಮಾಡಿದ್ದ. ಜರ್ಮನ್ ರಾಯಭಾರಿ ಒಟ್ಟೋ ಆಬೆಟ್ಸ್ ಅವನ ಹಳೇ ಸ್ನೇಹಿತ. ಎಷ್ಟು ಹತ್ತಿರ ಅಂದರೆ, ಆಬೆಟ್ಸ್ ಮದುವೆಯಾಗಿದ್ದು ಲುಶೇರ್‌ನ ಮಾಜಿ ಸೆಕ್ರೆಟರಿಯನ್ನು! ಪತ್ರಿಕೆ ಯಾರ ತಾಳಕ್ಕೆ ಕುಣಿಯುತ್ತಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಆ ಆಫೀಸಿನಲ್ಲಿ, ಸಂಪಾದಕರ ಕೋಣೆಯ ಹೊರಗೆ, ಟೈಪಿಂಗು ಟೆಲಿಫೋನು ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಲಂಡನ್ನಿಗೆ ಓಡಿಹೋದ ಯಹೂದಿಯ ಮಗಳಿಗೆ.

ಲುಶೇರ್‌ಗೆ ಇವಳ ಅಪ್ಪ ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೆಲಸ ಕೊಟ್ಟ. ನನ್ನನ್ನು ಕಾಡುವುದು ಇದೇ. ದೇಶ ಮಾರಿದವನು ಅಂತ 1946ರ ಫೆಬ್ರವರಿಯಲ್ಲಿ ಗುಂಡಿಗೆ ಬಲಿಯಾದ ಮನುಷ್ಯ ಒಂದು ಯಹೂದಿ ಕುಟುಂಬಕ್ಕೆ ಆ ಚಳಿಗಾಲದಲ್ಲಿ ಅನ್ನ ಹಾಕಿದ್ದ. ಸಿಮೋನ್ ಇದನ್ನು ಎಂದೂ ಬಚ್ಚಿಡಲಿಲ್ಲ. 1976ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಎಲ್ಲವನ್ನೂ ಬರೆದಳು. ಫ್ರಾನ್ಸಿನಲ್ಲಿ ಆ ಪೀಳಿಗೆಯ ಎಷ್ಟೋ ಜನ ಯುದ್ಧ ಮುಗಿದ ಮರುದಿನದಿಂದಲೇ "ನಾನು ಮೊದಲಿನಿಂದಲೂ ಪ್ರತಿರೋಧ ಚಳುವಳಿಯಲ್ಲಿದ್ದೆ" ಅಂತ ಹೇಳಿಕೊಂಡು ಓಡಾಡಿದರು. ಈಕೆ ಹಾಗೆ ಹೇಳಿಕೊಳ್ಳಲಿಲ್ಲ, ತಾನು ಆ ಪತ್ರಿಕೆಯಲ್ಲಿ ಸಂಬಳ ತೆಗೆದುಕೊಂಡವಳು ಅಂತಲೇ ಬರೆದಳು.

1941ರಲ್ಲಿ ಆ ಕೆಲಸ ಬಿಟ್ಟಳು. ಕಾರಣ ಒಂದು ಕಾಫಿ ಅಂಗಡಿ, ಕಫೆ ದ ಫ್ಲೋರ್. ಸಾರ್ತ್ರ್, ಬೊವ್ವಾ, ಪಿಕಾಸೋ, ಕವಿ ಜಾಕ್ ಪ್ರೆವೇರ್‌ನ ಬಳಗ ಎಲ್ಲ ಸೇರುತ್ತಿದ್ದ ಜಾಗ. ಕಾಫಿ ಕುಡಿಯಲು ಅಷ್ಟೇ ಅಲ್ಲ, ಕಲ್ಲಿದ್ದಲಿಗೆ ಬರ ಇದ್ದ ಆ ದಿನಗಳಲ್ಲಿ ಬೆಚ್ಚಗೆ ಕೂರಲು ಕೂಡ. ಅಲ್ಲಿನ ಗೆಳೆಯರ ಮೂಲಕ ಸಿನೆಮಾದ ದಾರಿ ಕಂಡಿತು. ಆದರೆ ನಟನೆಗೆ ಅಧಿಕೃತ ಕಾರ್ಡ್ ಬೇಕು. ಕಾರ್ಡಿಗೆ ಅಜ್ಜ ಅಜ್ಜಿಯರ ಜಾತಕ ಬೇಕು. ಕಮಿಂಕೆರ್ ಅನ್ನುವ ಹೆಸರಿಗೆ ಕಾರ್ಡ್ ಸಿಗುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಸಿಮೋನ್ ಅಮ್ಮನ ಹೆಸರು ಹಿಡಿದಳು. ಕಾರ್ಡೇ ಇಲ್ಲದೆ, ಗುಂಪಿನಲ್ಲಿ ಗೋವಿಂದ ಅನ್ನುವಂಥ ಪಾತ್ರಗಳಲ್ಲಿ ನಿಂತಳು. ಮಾರ್ಸೆಲ್ ಕಾರ್ನೆಯ 'ಲೆ ವಿಸಿತೆರ್ ದ್ಯು ಸ್ವಾರ್' (1942) ಸಿನೆಮಾದ ಆಸ್ಥಾನದ ದೃಶ್ಯಗಳಲ್ಲಿ ಹುಡುಕಿದರೆ ಇದ್ದಾಳೆ. ಆ ಸಿನೆಮಾದ ಸಂಗೀತದಲ್ಲಿ ಜೋಸೆಫ್ ಕೊಸ್ಮಾ, ಸೆಟ್‌ಗಳಲ್ಲಿ ಅಲೆಕ್ಸಾಂಡರ್ ಟ್ರಾನರ್ ಗುಟ್ಟಾಗಿ ಕೆಲಸ ಮಾಡಿದ್ದರು. ಇಬ್ಬರೂ ಯಹೂದಿಗಳು, ಇಬ್ಬರ ಕೆಲಸವೂ ಬೇರೆಯವರ ಹೆಸರಿನಲ್ಲಿ ತೆರೆಗೆ ಬಂತು. ಹೀಗೆ ಹೆಸರಿಲ್ಲದವರು ಸೇರಿ ಮಾಡಿದ ಸಿನೆಮಾ ಅದು.

ಯುದ್ಧ ಮುಗಿಯಿತು. ಲುಶೇರ್ ಕುಟುಂಬ ಜರ್ಮನಿಗೆ ಓಡಿ, ಕೊನೆಗೆ ಸಿಕ್ಕಿಬಿತ್ತು. ಮುಂದಿನದು ಮೊದಲ ಪ್ಯಾರಾದಲ್ಲೇ ಹೇಳಿದ್ದೇನೆ. ಇತ್ತ ಸಿಮೋನ್ ನಿರ್ದೇಶಕ ಈವ್ ಅಲೆಗ್ರೆಯ ಜೊತೆ ಬಾಳುತ್ತಿದ್ದಳು. 1946ರಲ್ಲಿ ಮಗಳು ಕ್ಯಾಥರೀನ್ ಹುಟ್ಟಿದಳು. 1948ರಲ್ಲಿ ಮದುವೆ. ಅದೇ ವರ್ಷ ಅವನ 'ದೆದೆ ದಾಂವೆರ್' ಸಿನೆಮಾ, ಬಂದರಿನ ವೇಶ್ಯೆಯ ಪಾತ್ರ. ಅಲ್ಲಿಂದ ಹೆಸರು ಬಂತು. ಕೊರಿನ್ ಸತ್ತ ಅದೇ 1950ರಲ್ಲಿ ಮಾಕ್ಸ್ ಓಫುಲ್ಸ್‌ನ 'ಲಾ ರೋಂಡ್' ತೆರೆಗೆ ಬಂತು. ಅದರಲ್ಲೂ ವೇಶ್ಯೆಯೇ. ಆ ಕಾಲದ ನಿರ್ಮಾಪಕರಿಗೆ ಈ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲವೋ ಏನೋ.

1949ರ ಆಗಸ್ಟ್‌ನಲ್ಲಿ ದಕ್ಷಿಣ ಫ್ರಾನ್ಸಿನ ಸಾಂ ಪೋಲ್ ದ ವಾಂಸ್ ಅನ್ನುವ ಹಳ್ಳಿಯಲ್ಲಿ ಗಾಯಕ ಈವ್ ಮೊಂತಾನ್ ಪರಿಚಯವಾದ. ಕೆಲವೇ ದಿನಗಳಲ್ಲಿ ಎಲ್ಲವೂ ತೀರ್ಮಾನವಾಗಿಬಿಟ್ಟಿತು. 1951ರ ಡಿಸೆಂಬರ್‌ನಲ್ಲಿ ಅದೇ ಊರಿನಲ್ಲಿ ಮದುವೆ. ಅಂದ ಹಾಗೆ ಮೊಂತಾನ್ ಕೂಡ ಹುಟ್ಟುಹೆಸರಲ್ಲ. ಅವನು ಈವೋ ಲಿವಿ, ಇಟಲಿಯವನು. ಅಪ್ಪ ಕಮ್ಯುನಿಸ್ಟ್, ಮುಸೊಲಿನಿಯ ಕಾಟಕ್ಕೆ ಮಾರ್ಸೆಲ್‌ಗೆ ಓಡಿಬಂದವನು. ಅಮ್ಮ ಮಹಡಿಯಿಂದ "ಈವೋ, ಮೊಂತಾ!" (ಮೇಲೆ ಬಾ) ಅಂತ ಕೂಗುತ್ತಿದ್ದಳಂತೆ, ಅದನ್ನೇ ಹೆಸರು ಮಾಡಿಕೊಂಡೆ ಅಂತ ಅವನು ಹೇಳುತ್ತಿದ್ದ ಕಥೆ. ಅಲ್ಲಿಗೆ ಗಂಡ ಹೆಂಡತಿ ಇಬ್ಬರಿಗೂ ಹೆಸರು ಬಂದಿದ್ದು ಅಮ್ಮಂದಿರಿಂದಲೇ ಆಯಿತು :)

ಈಗ 'ಕಾಸ್ಕ್ ದೋರ್' (1952). ಜಾಕ್ ಬೆಕೆರ್‌ನ ಸಿನೆಮಾ. ಹೆಸರಿನ ಅರ್ಥ ಚಿನ್ನದ ಶಿರಸ್ತ್ರಾಣ, ನಾಯಕಿಯ ಹೊಂಬಣ್ಣದ ತುರುಬಿಗೆ ಸಿಕ್ಕ ಅಡ್ಡಹೆಸರು. 1900ರ ಹೊತ್ತಿನ ಪ್ಯಾರಿಸ್ಸಿನ ರೌಡಿ ಗುಂಪುಗಳು, ಅವರ ಮಧ್ಯೆ ಒಬ್ಬ ಹೆಣ್ಣು, ಅವಳಿಗಾಗಿ ಕೊಲೆ. ನಿಜವಾಗಿ ನಡೆದದ್ದರ ನೆರಳಿದೆ. ಫ್ರಾನ್ಸಿನಲ್ಲಿ ಆಗ ಇದು ಓಡಲೇ ಇಲ್ಲ. ಇಂಗ್ಲೆಂಡಿನವರು ನೋಡಿ ಮೆಚ್ಚಿ ಬ್ರಿಟಿಷ್ ಅಕಾಡೆಮಿಯ ಪ್ರಶಸ್ತಿ ಕೊಟ್ಟರು. ನನಗೆ ಸಿಮೋನ್‌ಳ ಎಲ್ಲ ಸಿನೆಮಾಗಳಲ್ಲಿ ಇದರ ಕೊನೆಯ ದೃಶ್ಯ ಒಂದೇ ಸಾಕು. ಪ್ರಿಯಕರನಿಗೆ ಬೆಳಗಿನ ಜಾವ ಗಿಲೊಟಿನ್ ಶಿಕ್ಷೆ. ಅವಳು ಎದುರಿನ ಕಟ್ಟಡದಲ್ಲಿ ಒಂದು ಕೋಣೆ ಹಿಡಿದು ಕಿಟಕಿಯಲ್ಲಿ ಕಾಯುತ್ತಾಳೆ. ಅಳುವುದಿಲ್ಲ, ಕಿರುಚುವುದಿಲ್ಲ. ಕತ್ತಿ ಬೀಳುತ್ತದೆ, ಅವಳ ತಲೆ ಬಾಗುತ್ತದೆ. ಅಷ್ಟೇ. ನಮ್ಮ ಎಷ್ಟೋ ಸಿನೆಮಾಗಳಲ್ಲಿ ಇಂಥ ಕಡೆ ಹಿನ್ನೆಲೆ ಸಂಗೀತ ಕಿವಿ ಕಿತ್ತುಹಾಕುತ್ತದೆ.

ಈ ಸಿನೆಮಾವನ್ನು ಅಮೆರಿಕದಲ್ಲಿ ಯೂನಿಸ್ ವೇಮನ್ ಅನ್ನುವ ಕಪ್ಪು ಹುಡುಗಿಯೊಬ್ಬಳು ನೋಡಿದಳು. ಪಿಯಾನೋ ಕಲಿತವಳು. ಬಾರಿನಲ್ಲಿ ಹಾಡುವುದು ಮನೆಯಲ್ಲಿ ಗೊತ್ತಾಗಬಾರದು ಅಂತ ಬೇರೆ ಹೆಸರು ಹುಡುಕುತ್ತಿದ್ದಳು. ತೆರೆಯ ಮೇಲಿನ ನಟಿಯ ಹೆಸರನ್ನು ಎತ್ತಿಕೊಂಡು ನೀನಾ ಸಿಮೋನ್ ಆದಳು. ಹೌದು, ಆ ನೀನಾ ಸಿಮೋನೇ!

1955ರ ಕ್ಲೂಜೋನ 'ಲೆ ದಿಯಾಬೊಲಿಕ್' ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಥೆ ಹೇಳಬೇಡಿ ಅಂತ ಸಿನೆಮಾದ ಕೊನೆಯಲ್ಲಿ ಅವರೇ ಪ್ರೇಕ್ಷಕರನ್ನು ಕೇಳಿಕೊಂಡಿದ್ದಾರೆ. 'ಸೈಕೋ' ನೋಡಿ ಸ್ನಾನದ ಮನೆಗೆ ಹೋಗಲು ಹೆದರಿದವರು ಇದನ್ನೂ ನೋಡಿ, ಐದು ವರ್ಷ ಮೊದಲೇ ಬಂದದ್ದು. ಇದರಲ್ಲಿ ಹೃದ್ರೋಗಿ ಹೆಂಡತಿಯಾಗಿ ನಟಿಸಿದ ವೆರಾ ಕ್ಲೂಜೋ, ನಿರ್ದೇಶಕನ ಹೆಂಡತಿ, 1960ರಲ್ಲಿ ಹೃದಯಾಘಾತದಿಂದಲೇ ತೀರಿಕೊಂಡಳು. ಕಾಕತಾಳೀಯ.

ರಾಜಕೀಯಕ್ಕೆ ಬರೋಣ. ಗಂಡ ಹೆಂಡತಿ ಇಬ್ಬರೂ ಎಡಪಂಥದವರು, ಆದರೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಲ್ಲ. 1950ರಲ್ಲಿ ಅಣುಬಾಂಬ್ ವಿರುದ್ಧದ ಸ್ಟಾಕ್‌ಹೋಮ್ ಮನವಿಗೆ ಸಹಿ ಹಾಕಿದರು. ಅಲ್ಲಿಂದ ಅಮೆರಿಕದ ವೀಸಾ ಬಾಗಿಲು ಬಂದ್. 1953ರಲ್ಲಿ ಅಮೆರಿಕದಲ್ಲಿ ರೋಸೆನ್‌ಬರ್ಗ್ ದಂಪತಿಗಳನ್ನು ಗೂಢಚಾರರೆಂದು ವಿದ್ಯುತ್ ಕುರ್ಚಿಗೆ ಏರಿಸಿದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಆರ್ಥರ್ ಮಿಲ್ಲರ್‌ನ ಸೇಲಂ ಮಾಟಗಾತಿಯರ ನಾಟಕವನ್ನು ಇವರಿಬ್ಬರೂ ರಂಗಕ್ಕೆ ತಂದಾಗ ನೋಡಿದವರಿಗೆಲ್ಲ ಸೇಲಂ ಅಂದರೆ ಯಾವುದು ಅಂತ ಅರ್ಥವಾಗಿತ್ತು.

ಆಮೇಲೆ 1956. ನವೆಂಬರ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿದವು. ಮೊಂತಾನ್‌ನ ಸೋವಿಯತ್ ಪ್ರವಾಸ ಅದಕ್ಕೂ ಮೊದಲೇ ನಿಗದಿಯಾಗಿತ್ತು. ಹೋಗಬೇಡಿ ಅಂದವರು ಎಷ್ಟೋ ಜನ, ಹೋಗಲೇಬೇಕು ಅಂದವರೂ ಅಷ್ಟೇ ಜನ. ಡಿಸೆಂಬರ್‌ನಲ್ಲಿ ಹೋದರು. ಹೋಗಬಾರದಿತ್ತು ಅಂತ ನನ್ನ ಅನಿಸಿಕೆ. ಆ ಫೋಟೋಗಳನ್ನು ಯಾರು ಹೇಗೆ ಬಳಸಿಕೊಳ್ಳುತ್ತಾರೆ ಅಂತ ಇಬ್ಬರಿಗೂ ಗೊತ್ತಿಲ್ಲದೆ ಏನಲ್ಲ. ಆದರೆ ಅಲ್ಲಿ ನಡೆದದ್ದನ್ನೂ ಹೇಳಬೇಕು. ಮಾಸ್ಕೋದಲ್ಲಿ ಪ್ರದರ್ಶನ ಮುಗಿದ ಮೇಲೆ ಊಟಕ್ಕೆ ಕರೆ ಬಂತು. ಮೇಜಿನ ಆಚೆ ಕಡೆ ಕ್ರುಶ್ಚೇವ್, ಮೊಲೊಟೊವ್, ಮಿಕೊಯಾನ್, ಬುಲ್ಗಾನಿನ್, ಮಲೆಂಕೊವ್. ಈಚೆ ಕಡೆ ಒಬ್ಬ ಗಾಯಕ, ಒಬ್ಬ ನಟಿ. ಹಂಗೆರಿಯಲ್ಲಿ ನೀವು ಮಾಡಿದ್ದು ಏನು ಅಂತ ಇಬ್ಬರೂ ನೇರವಾಗಿ ಕೇಳಿದರು. ಗಂಟೆಗಟ್ಟಲೆ ವಾದ ನಡೆಯಿತು. ಆ ಐವರನ್ನು ಆ ಊರಿನಲ್ಲಿ ಕೂತು ಹಾಗೆ ಕೇಳಿದವರು ಆಗ ಎಷ್ಟು ಮಂದಿ ಇದ್ದಾರು?

ಫ್ರಾನ್ಸಿಗೆ ಮರಳಿದರೆ ಬಲದವರೂ ಬೈದರು, ಎಡದವರೂ ಬೈದರು. ಆ ಹೊತ್ತಿನಲ್ಲಿ ಇಂಗ್ಲೆಂಡಿನಿಂದ ಬಂದದ್ದು 'ರೂಮ್ ಅಟ್ ದ ಟಾಪ್'. ಜಾನ್ ಬ್ರೇನ್‌ನ ಕಾದಂಬರಿ, ಜಾಕ್ ಕ್ಲೇಟನ್ ನಿರ್ದೇಶನ. ಮೇಲಕ್ಕೇರುವ ಹಪಾಹಪಿಯ ಒಬ್ಬ ಹುಡುಗ, ಅವನನ್ನು ನಿಜವಾಗಿ ಪ್ರೀತಿಸುವ, ಅವನಿಗಿಂತ ದೊಡ್ಡ ವಯಸ್ಸಿನ ಮದುವೆಯಾದ ಹೆಂಗಸು ಆಲಿಸ್. ಕಾದಂಬರಿಯಲ್ಲಿ ಆಲಿಸ್ ಇಂಗ್ಲಿಷ್ ಹೆಂಗಸು, ಸಿಮೋನ್‌ಗಾಗಿ ಫ್ರೆಂಚ್ ಮಾಡಿದರು. ಚಿತ್ರೀಕರಣದ ಹೊತ್ತಿಗೆ ಸಿಮೋನ್‌ಗೆ ಮೂವತ್ತೇಳು. ಕಣ್ಣಿನ ಕೆಳಗಿನ ಗೆರೆಗಳನ್ನು ಮುಚ್ಚುವ ಪ್ರಯತ್ನ ಎಲ್ಲೂ ಇಲ್ಲ. 1959ರಲ್ಲಿ ಕಾನ್‌ನಲ್ಲಿ ಅತ್ಯುತ್ತಮ ನಟಿ. 1960ರ ಏಪ್ರಿಲ್ 4ರಂದು, 'ಬೆನ್ ಹರ್' ಹನ್ನೊಂದು ಆಸ್ಕರ್ ಬಾಚಿಕೊಂಡ ರಾತ್ರಿ, ಅತ್ಯುತ್ತಮ ನಟಿಯ ಆಸ್ಕರ್. ಸೋತವರು ಯಾರು ಗೊತ್ತಾ? ಆಡ್ರಿ ಹೆಪ್‌ಬರ್ನ್, ಕ್ಯಾಥರೀನ್ ಹೆಪ್‌ಬರ್ನ್, ಎಲಿಜಬೆತ್ ಟೇಲರ್, ಡೋರಿಸ್ ಡೇ. ಪ್ಯಾರಿಸ್ ಬಳಿ ಹುಟ್ಟಿದ ಕ್ಲೋಡೆಟ್ ಕೋಲ್ಬರ್ಟ್‌ಗೆ ಇದಕ್ಕೂ ಮೊದಲೇ ಆಸ್ಕರ್ ಬಂದಿತ್ತು ನಿಜ. ಆದರೆ ಆಕೆ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋಗಿ ಅಮೆರಿಕದವಳೇ ಆದವಳು. (ಅದೇ ಸಿನೆಮಾಗೆ ಹರ್ಮಯೊನಿ ಬ್ಯಾಡ್ಲಿ ಅನ್ನುವ ನಟಿಗೆ ಪೋಷಕ ಪಾತ್ರದ ನಾಮನಿರ್ದೇಶನ ಸಿಕ್ಕಿತ್ತು. ತೆರೆಯ ಮೇಲೆ ಆಕೆ ಇದ್ದದ್ದು 2 ನಿಮಿಷ 19 ಸೆಕೆಂಡು!)

ಮೊಂತಾನ್ ಮತ್ತು ಮನ್ರೋ ನಟಿಸಿದ 'ಲೆಟ್ಸ್ ಮೇಕ್ ಲವ್' ಚಿತ್ರೀಕರಣವೂ ಅದೇ ದಿನಗಳಲ್ಲಿ ನಡೆಯಿತು. ಬೆವರ್ಲಿ ಹಿಲ್ಸ್ ಹೋಟೆಲಿನಲ್ಲಿ ಎರಡೂ ಜೋಡಿಗಳು ಅಕ್ಕಪಕ್ಕ. ಸಿಮೋನ್ ಇನ್ನೊಂದು ಸಿನೆಮಾಗೆ ಯುರೋಪಿಗೆ ಮರಳಿದಳು, ಆರ್ಥರ್ ಮಿಲ್ಲರ್ ಕೂಡ ಎಲ್ಲೋ ಹೋದ, ಆಮೇಲೆ ಆದದ್ದು ಆಯಿತು, ಪತ್ರಿಕೆಗಳು ಹಬ್ಬ ಮಾಡಿದವು. ಆ ಬಗ್ಗೆ ನನಗೆ ಇಷ್ಟವಾದ ವಿವರ ಒಂದೇ. ಸಿಮೋನ್ ಮತ್ತು ಮರಿಲಿನ್ ಶನಿವಾರ ಶನಿವಾರ ಒಟ್ಟಿಗೆ ಕೂತು ಕೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದರಂತೆ. ಹಾಕುತ್ತಿದ್ದ ಮುದುಕಿ ಹಿಂದೆ ಜೀನ್ ಹಾರ್ಲೋಗೆ ಹಾಕುತ್ತಿದ್ದವಳು. ತನ್ನ ಆತ್ಮಕಥೆಯಲ್ಲಿ ಸಿಮೋನ್ ಮರಿಲಿನ್ ಬಗ್ಗೆ ಒಂದು ಕಹಿ ಮಾತನ್ನೂ ಆಡಿಲ್ಲ, ಅಕ್ಕರೆಯಿಂದಲೇ ಬರೆದಿದ್ದಾಳೆ.

ಆಸ್ಕರ್ ಕೈಗೆ ಬಂದ ಐದೇ ತಿಂಗಳಿಗೆ, 1960ರ ಸೆಪ್ಟೆಂಬರ್‌ನಲ್ಲಿ, ಸಿಮೋನ್ '121 ಜನರ ಪ್ರಣಾಳಿಕೆ'ಗೆ ಸಹಿ ಹಾಕಿದವರ ಸಾಲಿಗೆ ಸೇರಿದಳು. ಅಲ್ಜೀರಿಯಾದ ಜನರ ಮೇಲೆ ಬಂದೂಕು ಹಿಡಿಯಲು ಒಪ್ಪದ ಫ್ರೆಂಚ್ ಸೈನಿಕರ ನಿಲುವು ಸರಿ ಅಂತ ಅದು ಹೇಳುತ್ತಿತ್ತು. ಸರ್ಕಾರ ಸಹಿದಾರರನ್ನೆಲ್ಲ ಸರ್ಕಾರಿ ರೇಡಿಯೋ, ಟೀವಿಯಿಂದ ಹೊರಗಿಟ್ಟಿತು. ಆಸ್ಕರ್ ಗೆದ್ದ ನಟಿಗೆ ಅವಳದೇ ದೇಶದ ಟೀವಿಯಲ್ಲಿ ನಿಷೇಧ.

1960ರ ದಶಕದಲ್ಲಿ ಹಾಲಿವುಡ್ ಮತ್ತೆ ಕರೆಯಿತು. 'ಶಿಪ್ ಆಫ್ ಫೂಲ್ಸ್' (1965) ಇನ್ನೊಂದು ಆಸ್ಕರ್ ನಾಮನಿರ್ದೇಶನ ತಂದಿತು. 1966ರಲ್ಲಿ ಲಂಡನ್ನಿನಲ್ಲಿ ಅಲೆಕ್ ಗಿನ್ನೆಸ್ ಜೊತೆ ಇಂಗ್ಲಿಷ್‌ನಲ್ಲೇ ಲೇಡಿ ಮ್ಯಾಕ್‌ಬೆತ್ ಮಾಡಲು ಹೋಗಿ ವಿಮರ್ಶಕರಿಂದ ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡಳು. ಇರಲಿ.

(ಇಲ್ಲಿಂದ ಮುಂದೆ ಒಂದು ಸಿನೆಮಾದ ಕೊನೆ ಹೇಳಿಬಿಡುತ್ತೇನೆ. ಬೇಡ ಅನ್ನುವವರು ಮುಂದಿನ ಎರಡು ಪ್ಯಾರಾ ಹಾರಿಸಿ.)

1969ರ 'ನೆರಳುಗಳ ಸೈನ್ಯ', ಇಂಗ್ಲಿಷ್‌ನಲ್ಲಿ 'ಆರ್ಮಿ ಆಫ್ ಶ್ಯಾಡೋಸ್'. ನಾಜಿಗಳ ವಿರುದ್ಧ ಗುಟ್ಟಾಗಿ ಹೋರಾಡಿದವರ ಕಥೆ. ನಿರ್ದೇಶಕ ಜಾನ್ ಪಿಯೆರ್ ಮೆಲ್ವಿಲ್ ಸ್ವತಃ ಆ ಚಳುವಳಿಯಲ್ಲಿದ್ದವನು. ಅವನ ಹುಟ್ಟುಹೆಸರು ಗ್ರುಂಬಾಕ್, ಯಹೂದಿ. ಅಮೆರಿಕದ ಕಾದಂಬರಿಕಾರ ಮೆಲ್ವಿಲ್‌ನ ಹೆಸರನ್ನು ಯುದ್ಧಕಾಲದ ಗುಪ್ತನಾಮವಾಗಿ ಇಟ್ಟುಕೊಂಡವನು ಕೊನೆಯತನಕ ಹಾಗೇ ಉಳಿಸಿಕೊಂಡ. ಇದರಲ್ಲಿ ಸಿಮೋನ್‌ಳದು ಮತಿಲ್ಡ್ ಅನ್ನುವ ಗೃಹಿಣಿಯ ಪಾತ್ರ. ಮನೆಯವರಿಗೂ ತಿಳಿಯದಂತೆ ಗುಂಪನ್ನು ನಡೆಸುವವಳು. ಜರ್ಮನ್ ನರ್ಸ್ ವೇಷ ಹಾಕಿ, ಆಂಬುಲೆನ್ಸ್ ತೆಗೆದುಕೊಂಡು, ಲಿಯೋಂ ನಗರದ ಗೆಸ್ಟಾಪೋ ಸೆರೆಮನೆಯೊಳಕ್ಕೇ ಹೋಗುತ್ತಾಳೆ, ಸಂಗಾತಿಯೊಬ್ಬನನ್ನು ಬಿಡಿಸಲು. ಅವಳ ದೌರ್ಬಲ್ಯ ಒಂದೇ, ಪರ್ಸ್‌ನಲ್ಲಿ ಮಗಳ ಫೋಟೋ. ಅದನ್ನು ಬಿಸಾಡು ಅಂತ ಎಚ್ಚರಿಸಿದರೂ ಬಿಸಾಡುವುದಿಲ್ಲ. ಫೋಟೋ ಜರ್ಮನ್ನರ ಕೈಗೆ ಸಿಗುತ್ತದೆ. ಮಗಳೋ, ಸಂಗಾತಿಗಳೋ ಅನ್ನುವ ಪ್ರಶ್ನೆ. ಕೊನೆಗೆ ಅವಳನ್ನು ರಸ್ತೆಯಲ್ಲಿ ಗುಂಡಿಟ್ಟು ಕೊಲ್ಲುವವರು ಅವಳದೇ ಸಂಗಾತಿಗಳು. ಕಾರಿನಿಂದ ಬಂದೂಕು ಹೊರಬಂದಾಗ ಅವಳು ಅವರನ್ನೇ ನೋಡುತ್ತಾಳಲ್ಲ, ಆ ನೋಟ! ಆಶ್ಚರ್ಯವೋ, ಒಪ್ಪಿಗೆಯೋ, ಏನು ಅಂತ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಈಗ ಆ ಇತಿಹಾಸದ ಮೇಡಂ. ಲೂಸಿ ಸಾಮ್ಯುಯೆಲ್ ಅವರೇ ಯುದ್ಧಕಾಲದಲ್ಲಿ ಲೂಸಿ ಒಬ್ರಾಕ್ ಆದವರು. 1943ರ ಅಕ್ಟೋಬರ್‌ನಲ್ಲಿ, ಬಸುರಿಯಾಗಿದ್ದಾಗಲೇ, ಅದೇ ಲಿಯೋಂನಲ್ಲಿ ಜರ್ಮನ್ ವ್ಯಾನಿನ ಮೇಲೆ ದಾಳಿ ಮಾಡಿಸಿ ಗಂಡನನ್ನು ಬಿಡಿಸಿಕೊಂಡು ಬಂದವರು. ಮತಿಲ್ಡ್ ಪಾತ್ರದಲ್ಲಿ ಒಬ್ರಾಕ್‌ರ ಛಾಯೆ ಕಂಡವರು ಬಹಳ ಮಂದಿ. ಸಿಮೋನ್‌ಗೆ ಅವರು ಪುಸ್ತಕದಲ್ಲಿ ಓದಿದ ವೀರವನಿತೆ ಅಲ್ಲ, ತರಗತಿಯಲ್ಲಿ ಎದುರಿಗೆ ನಿಂತು ಪಾಠ ಹೇಳಿದವರು. ಮೇಡಂ ಬಂದೂಕು ಹಿಡಿಯುವ ದಾರಿಗೆ ಹೊರಟ ಹೊತ್ತಿನಲ್ಲಿ ಶಿಷ್ಯೆ ಲುಶೇರ್‌ನ ಟೆಲಿಫೋನ್ ಎತ್ತುತ್ತಿದ್ದಳು. ಇಪ್ಪತ್ತೈದು ವರ್ಷದ ಮೇಲೆ ಆ ಶಿಷ್ಯೆ ತೆರೆಯ ಮೇಲೆ ಅಂಥ ಒಬ್ಬಳಾಗಿ ನಿಂತಾಗ ಮುಖದಲ್ಲಿ ಒಂದಿಷ್ಟೂ ನಾಟಕವಿಲ್ಲ. ಆ ಪಾತ್ರದ ಭಾರ ಎಲ್ಲಿಂದ ಬಂತು ಅಂತ ಯೋಚಿಸಿದಾಗಲೆಲ್ಲ ನನಗೆ ಆ ಪತ್ರಿಕಾ ಕಚೇರಿ ನೆನಪಾಗುತ್ತದೆ.

ಸಿನೆಮಾ ಬಿಡುಗಡೆಯಾದಾಗ ಫ್ರಾನ್ಸಿನ ಎಡ ವಿಮರ್ಶಕರು ಇದು ಡಿಗಾಲ್ ಭಜನೆ ಅಂತ ಮೂಗು ಮುರಿದರು. ಅಮೆರಿಕದಲ್ಲಿ ಇದು ಬಿಡುಗಡೆಯಾಗಿದ್ದು 2006ರಲ್ಲಿ! ಆ ವರ್ಷದ ಅತ್ಯುತ್ತಮ ಸಿನೆಮಾಗಳ ಪಟ್ಟಿಗಳಲ್ಲಿ ಮೂವತ್ತೇಳು ವರ್ಷ ಹಳೆಯ ಸಿನೆಮಾ ಬಂದು ಕೂತಿತು.

1970ರಲ್ಲಿ ಕೋಸ್ತಾ ಗಾವ್ರಸ್‌ನ 'ಲಾವೂ' (ತಪ್ಪೊಪ್ಪಿಗೆ). 1952ರಲ್ಲಿ ಕಮ್ಯುನಿಸ್ಟ್ ಜೆಕೊಸ್ಲೊವಾಕಿಯಾದಲ್ಲಿ ನಡೆದ ಸುಳ್ಳು ವಿಚಾರಣೆಯ ಕಥೆ. ಆರ್ತರ್ ಲಂಡನ್ ಆಗಿ ಮೊಂತಾನ್, ಅವನ ಹೆಂಡತಿ ಲೀಸ್ ಆಗಿ ಸಿಮೋನ್. ಗಂಡನ ಬಾಯಿಂದ ಹೊರಡಿಸಿದ ತಪ್ಪೊಪ್ಪಿಗೆಯನ್ನು ರೇಡಿಯೋದಲ್ಲಿ ಕೇಳಿ, ಅದನ್ನೇ ನಂಬಿ, ಅವನ ವಿರುದ್ಧ ಸಾರ್ವಜನಿಕವಾಗಿ ಹೇಳಿಕೆ ಕೊಡುವ ಹೆಂಡತಿ. ಕ್ರುಶ್ಚೇವ್ ಜೊತೆ ಊಟಕ್ಕೆ ಕೂತವರು ಹದಿಮೂರು ವರ್ಷ ಕಳೆದು ಕೊಟ್ಟ ಉತ್ತರ ಇದು. ಹಳೆಯ ಸ್ನೇಹಿತರು ಎಷ್ಟೋ ಜನ ಮುಖ ತಿರುಗಿಸಿದರು. 1982ರಲ್ಲಿ ಪೋಲೆಂಡಿನಲ್ಲಿ ಸೈನಿಕ ಆಡಳಿತವಿದ್ದಾಗ ಸಿಮೋನ್ ಔಷಧಿ ತುಂಬಿದ ವ್ಯಾನಿನಲ್ಲಿ ಅಲ್ಲಿಗೆ ಹೋದಳು. ಜೊತೆಗಿದ್ದವರಲ್ಲಿ ತತ್ವಜ್ಞಾನಿ ಮಿಶೆಲ್ ಫೂಕೋ ಕೂಡ ಒಬ್ಬ.

ಅಷ್ಟು ಹೊತ್ತಿಗೆ ಆಕೆಯ ರೂಪ ಪೂರ್ತಿ ಬದಲಾಗಿತ್ತು. ದಪ್ಪಗಾಗಿದ್ದಳು, ಮುಖ ಊದಿತ್ತು. ಸಿಗರೇಟು, ಕುಡಿತ ಎರಡೂ ಜಾಸ್ತಿ. ಐವತ್ತಕ್ಕೇ ಎಪ್ಪತ್ತರವಳಂತೆ ಕಾಣುತ್ತಾಳೆ ಅಂತ ಪತ್ರಿಕೆಗಳು ಆಡಿಕೊಂಡವು. ಅದೇ ಮುಖ ಇಟ್ಟುಕೊಂಡು ಆಕೆ 'ಲ ಶಾ' (ಬೆಕ್ಕು, 1971) ಮಾಡಿದಳು, ಜಾನ್ ಗಬಾಂ ಜೊತೆ. ಒಬ್ಬರನ್ನೊಬ್ಬರು ದ್ವೇಷಿಸುತ್ತಾ ಒಂದೇ ಮನೆಯಲ್ಲಿ ಕೊಳೆಯುವ ಮುದಿ ಗಂಡ ಹೆಂಡತಿ. ಬರ್ಲಿನ್‌ನಲ್ಲಿ ಇಬ್ಬರಿಗೂ ನಟನೆಯ ಬೆಳ್ಳಿ ಕರಡಿ ಬಂತು.

ಮತ್ತೆ 'ಮದಾಮ್ ರೋಸಾ' (1977). ಆಶ್‌ವಿಟ್ಸ್‌ನಿಂದ ಬದುಕಿ ಬಂದ ಯಹೂದಿ ಮುದುಕಿ, ಹಿಂದೊಮ್ಮೆ ವೇಶ್ಯೆ, ಈಗ ಪ್ಯಾರಿಸ್ಸಿನ ಬೆಲ್‌ವಿಲ್ ಬಡಾವಣೆಯ ಹಳೇ ಕಟ್ಟಡದ ಮೇಲ್ಮಹಡಿಯಲ್ಲಿ ವೇಶ್ಯೆಯರ ಮಕ್ಕಳನ್ನು ಸಾಕುವವಳು. ಕೊನೆಯಲ್ಲಿ ಅವಳ ಜೊತೆ ಉಳಿಯುವವನು ಮೋಮೋ ಅನ್ನುವ ಅರಬ್ ಹುಡುಗ. ಸಿಮೋನ್‌ಗೆ ಫ್ರಾನ್ಸಿನ ಸೆಸಾರ್ ಪ್ರಶಸ್ತಿ, ಸಿನೆಮಾಗೆ ವಿದೇಶಿ ಚಿತ್ರದ ಆಸ್ಕರ್. ಯುದ್ಧದಲ್ಲಿ ಅಮ್ಮನ ಹೆಸರಿನ ಮರೆಯಲ್ಲಿ ಬದುಕಿಕೊಂಡವಳು ಈಗ ಮರೆಯಿಲ್ಲದೆ ಸಿಕ್ಕಿಬಿದ್ದವಳ ಪಾತ್ರ ಮಾಡಿದ್ದಳು. ನೆಲಮಾಳಿಗೆಯಲ್ಲಿ ಬಚ್ಚಿಟ್ಟುಕೊಳ್ಳಲು ಅವಳು ಮಾಡಿಕೊಂಡಿರುವ ಜಾಗದ ದೃಶ್ಯ ನೋಡುವಾಗ ನನಗೆ ಮೈ ಜುಂ ಅಂದಿತು. ಇದರ ಮೂಲ ಕಾದಂಬರಿ ಬರೆದವನ ಹೆಸರು ಎಮಿಲ್ ಅಜಾರ್, 1975ರಲ್ಲಿ ಗೊಂಕೂರ್ ಪ್ರಶಸ್ತಿ ಬಂದಿತ್ತು. ಅಜಾರ್ ಅಂದರೆ ರೊಮೇನ್ ಗರಿ ಅಂತ ಲೋಕಕ್ಕೆ ಖಚಿತವಾದದ್ದು ಗರಿ ಸತ್ತ ಮೇಲೆ. ರೊಮೇನ್ ಗರಿ ಕೂಡ ಇಟ್ಟುಕೊಂಡ ಹೆಸರೇ! ಅವನು ವಿಲ್ನಿಯಸ್‌ನಲ್ಲಿ ಹುಟ್ಟಿದ ಯಹೂದಿ ಹುಡುಗ ರೊಮಾನ್ ಕಾಟ್ಸೆವ್.

ಕೊನೆಯ ವರ್ಷಗಳಲ್ಲಿ ಸಿಮೋನ್‌ಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆದರೂ 1985ರಲ್ಲಿ 'ಅದ್ಯೂ ವೊಲೋದಿಯಾ' ಅನ್ನುವ ದಪ್ಪ ಕಾದಂಬರಿ ಬಂತು. ಪೋಲೆಂಡ್, ಉಕ್ರೇನ್‌ಗಳಿಂದ ಪ್ಯಾರಿಸ್ಸಿಗೆ ಬಂದು ಸೇರಿದ ಯಹೂದಿ ಕುಟುಂಬಗಳ ಕಥೆ. ಅಪ್ಪನ ಕಡೆಯವರ ಲೋಕ. ಅದೇ ವರ್ಷ ಜುಲೈಯಲ್ಲಿ ಫ್ರೆಂಚ್ ಟೀವಿಯಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ನಾಜಿಗಳ ವಿರುದ್ಧ ಪ್ಯಾರಿಸ್ಸಿನಲ್ಲಿ ಬಂದೂಕು ಹಿಡಿದ ವಲಸಿಗರ ಬಗ್ಗೆ. ಅರ್ಮೇನಿಯನ್ನರು, ಪೋಲೆಂಡಿನ ಯಹೂದಿಗಳು, ಇಟಲಿಯವರು. ಅವರ ನಾಯಕ ಮಿಸಾಕ್ ಮನೂಷಿಯನ್ ಮತ್ತು ಸಂಗಾತಿಗಳಿಗೆ 1944ರ ಫೆಬ್ರವರಿ 21ರಂದು ಜರ್ಮನ್ನರು ಗುಂಡಿಟ್ಟಿದ್ದರು. ಕಮ್ಯುನಿಸ್ಟ್ ಪಕ್ಷದ ವಿರೋಧದಿಂದ ಪ್ರಸಾರ ಮುಂದಕ್ಕೆ ಹೋಗುತ್ತಲೇ ಇತ್ತು. ಆ ಸಾಕ್ಷ್ಯಚಿತ್ರಕ್ಕೆ ನಿರೂಪಣೆಯ ದನಿ ಕೊಟ್ಟವರಲ್ಲಿ ಸಿಮೋನ್ ಒಬ್ಬಳು. ಅಪ್ಪನ ಹಾಗೆ ಇವಳೂ ಕೊನೆಗೆ ಬೇರೆಯವರ ಮಾತಿಗೆ ದನಿಯಾದಳು. ಮನೂಷಿಯನ್‌ಗೆ ಫ್ರಾನ್ಸ್ ತನ್ನ ಪ್ಯಾಂಥಿಯನ್‌ನಲ್ಲಿ ಜಾಗ ಕೊಟ್ಟದ್ದು ಗುಂಡಿಟ್ಟು ಸರಿಯಾಗಿ ಎಂಬತ್ತು ವರ್ಷವಾದ ದಿನ, 2024ರ ಫೆಬ್ರವರಿ 21ಕ್ಕೆ.

1985ರ ಸೆಪ್ಟೆಂಬರ್ 30ರಂದು ನಾರ್ಮಂಡಿಯ ಮನೆಯಲ್ಲಿ ಸಿಮೋನ್ ತೀರಿಕೊಂಡಳು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ವಯಸ್ಸು 64. ಪ್ಯಾರಿಸ್ಸಿನ ಪೆರ್ ಲಶೇಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. 1991ರಲ್ಲಿ ಮೊಂತಾನ್‌ನನ್ನೂ ಅಲ್ಲೇ, ಪಕ್ಕದಲ್ಲೇ.

ನೋಡುವುದಾದರೆ 'ಕಾಸ್ಕ್ ದೋರ್'ನಿಂದ ಶುರು ಮಾಡಿ, ಆಮೇಲೆ 'ಆರ್ಮಿ ಆಫ್ ಶ್ಯಾಡೋಸ್', ಕೊನೆಗೆ 'ಮದಾಮ್ ರೋಸಾ'. ಇದೇ ಕ್ರಮದಲ್ಲಿ ನೋಡಿ. ಒಂದೇ ಮುಖ ಇಪ್ಪತ್ತೈದು ವರ್ಷದಲ್ಲಿ ಹೇಗೆ ಬದಲಾಯಿತು ಅಂತ ಕಾಣುತ್ತದೆ. 'ಲೆ ದಿಯಾಬೊಲಿಕ್' ಮಾತ್ರ ರಾತ್ರಿ ಒಬ್ಬರೇ ಇದ್ದಾಗ ಬೇಡ.